ಅಮೆರಿಕದ ಶಾಲೆ ಮತ್ತು ಎಡಿಎಚ್‌ಡಿ: ಡಾಕ್ಟರ ರಿಪೋರ್ಟೊಂದೇ ಸಾಲದು

‘ಮಗು ಚುರುಕಾಗಿದೆ, ಆದರೆ ಕೊಟ್ಟ ಕೆಲಸ ಮುಗಿಸುವುದಿಲ್ಲ, ಜಾಗದಲ್ಲಿ ಕೂರುವುದಿಲ್ಲ. ಒಮ್ಮೆ ನಿಮ್ಮ ಪೀಡಿಯಾಟ್ರಿಷಿಯನ್ ಹತ್ತಿರ ಮಾತಾಡಿ.’ ಟೀಚರಿಂದ ಇಂಥ ಇಮೇಲ್ ಬಂದರೆ ಹೆಸರು ಹೇಳದೆಯೇ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿಚಟುವಟಿಕೆ ಮತ್ತು ದುಡುಕು ಹೆಚ್ಚಿರುವ ತೊಂದರೆ) ಬಗ್ಗೆ ಸುಳಿವು ಕೊಡುತ್ತಿದ್ದಾರೆ ಎಂದು ತಿಳಿಯಬಹುದು. ರೋಗಕ್ಕೆ ಹೆಸರಿಡುವುದು ಅವರ ಕೆಲಸವಲ್ಲ. ಇಲ್ಲಿಂದ ದಾರಿ ಎರಡಾಗುತ್ತದೆ. ಡಾಕ್ಟರ ದಾರಿಯಲ್ಲಿ ಸಿಗುವುದು ರೋಗನಿರ್ಣಯ ಮತ್ತು ಔಷಧ, ಶಾಲೆಯ ದಾರಿಯಲ್ಲಿ ತರಗತಿಯೊಳಗಿನ ನೆರವು. ನಮ್ಮವರು ಹೆಚ್ಚಾಗಿ ಎಡವುವುದು ಡಾಕ್ಟರ ರಿಪೋರ್ಟನ್ನು ಟೀಚರ್ ಕೈಗಿಟ್ಟು, ಇನ್ನು ಅವರೇ ನೋಡಿಕೊಳ್ಳುತ್ತಾರೆ ಎಂದು ಸುಮ್ಮನಾಗುವಲ್ಲಿ. ಶಾಲೆಯ ಗಡಿಯಾರ ಓಡುವುದು ನಿಮ್ಮ ಪತ್ರದಿಂದ ಮತ್ತು ನಿಮ್ಮ ಸಹಿಯಿಂದ.

ಮೊದಲು ಡಾಕ್ಟರ ಕಡೆ. ಸ್ಪೆಷಲಿಸ್ಟ್ ಅಪಾಯಿಂಟ್‌ಮೆಂಟಿಗೆ ತಿಂಗಳುಗಟ್ಟಲೆ ಕಾಯಲೇಬೇಕೆಂದಿಲ್ಲ. 4ರಿಂದ 18 ವರ್ಷದ ಮಕ್ಕಳನ್ನು ಮಾಮೂಲಿ ಪೀಡಿಯಾಟ್ರಿಷಿಯನ್ನೇ ಪರೀಕ್ಷಿಸಬಹುದು. ರಕ್ತಪರೀಕ್ಷೆ, ಸ್ಕ್ಯಾನ್‌ಗಳಿಂದ ಇದು ಗೊತ್ತಾಗುವುದಿಲ್ಲ. ಗಮನ ನಿಲ್ಲದಿರುವುದಕ್ಕೆ 9 ಲಕ್ಷಣ, ಅತಿಚಟುವಟಿಕೆ ಮತ್ತು ದುಡುಕಿಗೆ 9 ಲಕ್ಷಣಗಳ ಪಟ್ಟಿಯಿದೆ. ಯಾವುದಾದರೂ ಒಂದು ಗುಂಪಿನಲ್ಲಿ ಕನಿಷ್ಠ 6 ಲಕ್ಷಣ (17 ತುಂಬಿದವರಿಗೆ 5), ಕನಿಷ್ಠ 6 ತಿಂಗಳಿಂದ, ಮನೆ ಮತ್ತು ಶಾಲೆಯಂಥ ಎರಡು ಕಡೆ ಕಾಣಬೇಕು. ಅವುಗಳಲ್ಲಿ ಹಲವು 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು. ಓದಿಗೋ ಒಡನಾಟಕ್ಕೋ ತೊಡಕಾಗುತ್ತಿರಬೇಕು. ಕಿಟಕಿಯಾಚೆ ನೋಡುತ್ತ ತೆಪ್ಪಗೆ ಕೂರುವ ಹುಡುಗಿಯೂ ಮೊದಲ ಗುಂಪಿಗೆ ಸೇರಿರಬಹುದು. ಅವಳಿಂದ ಯಾರಿಗೂ ತೊಂದರೆಯಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಡಾಕ್ಟರು ಕೊಡುವ ಫಾರ್ಮ್ ಬಹಳ ಸಲ ವ್ಯಾಂಡರ್‌ಬಿಲ್ಟ್ ಎಂಬುದು. ಒಂದು ಪ್ರತಿ ನಿಮಗೆ, ಇನ್ನೊಂದು ಟೀಚರಿಗೆ. ಪ್ರತಿ ಲಕ್ಷಣಕ್ಕೂ 0ರಿಂದ 3ರವರೆಗೆ ಅಂಕ. 2 ಅಥವಾ 3 ಬಿದ್ದರೆ ಮಾತ್ರ ಆ ಲಕ್ಷಣ ಲೆಕ್ಕಕ್ಕೆ. ನಮ್ಮ ಮನೆಗಳಲ್ಲಿ ಈ ಲೆಕ್ಕ ತಪ್ಪುವುದೇ ಇಲ್ಲಿ. ಅಮ್ಮ ಬ್ಯಾಗ್ ತುಂಬುತ್ತಾಳೆ, ಅಜ್ಜಿ ಸಾಕ್ಸ್ ಹುಡುಕಿ ಕೊಡುತ್ತಾರೆ, ಅಪ್ಪ ಹೋಮ್‌ವರ್ಕ್ ಮುಗಿಯುವ ತನಕ ಪಕ್ಕದಲ್ಲೇ ಕೂರುತ್ತಾನೆ. ‘ವಸ್ತುಗಳನ್ನು ಕಳೆದುಕೊಳ್ಳುತ್ತಾನೆಯೇ?’ ಎಂದು ಕೇಳಿದರೆ ಉತ್ತರ ‘ಅಪರೂಪಕ್ಕೆ’, ಅಂಕ 1. ಕಳೆದುಹೋಗದಂತೆ ಕಾಯುತ್ತಿರುವವರು ಮೂವರು ಎಂಬುದು ಫಾರ್ಮಿಗೆ ಗೊತ್ತಾಗುವುದು ಹೇಗೆ? ನೀವು ಕೈ ಹಾಕದಿದ್ದರೆ ಏನಾಗುತ್ತದೆಯೋ ಅದಕ್ಕೆ ಅಂಕ ಕೊಡಿ, ಕೊಡುವ ನೆರವನ್ನು ಅಂಚಿನಲ್ಲಿ ಬರೆಯಿರಿ.

ಹೆಸರು ಅಂಟಿಸುವ ಮುನ್ನ ಕಿವಿ, ಕಣ್ಣು, ನಿದ್ದೆ, ಆತಂಕ, ಡಿಸ್ಲೆಕ್ಸಿಯಾಗಳನ್ನೂ ನೋಡಿಸಬೇಕು. ಹುಟ್ಟಿದ ತಿಂಗಳನ್ನೂ ಮರೆಯಬೇಡಿ. ಶಾಲೆಗೆ ಸೇರಲು ಸೆಪ್ಟೆಂಬರ್ 1ರ ಗಡಿಯಿರುವ ರಾಜ್ಯಗಳಲ್ಲಿ ಆಗಸ್ಟ್‌ನಲ್ಲಿ ಹುಟ್ಟಿದ ಮಕ್ಕಳಿಗೆ ಸೆಪ್ಟೆಂಬರ್‌ ಮಕ್ಕಳಿಗಿಂತ ಹೆಚ್ಚಾಗಿ ಎಡಿಎಚ್‌ಡಿ ಎನ್ನಲಾಗುತ್ತಿದೆ. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕದಾದ ಮಗುವಿನ ಮಗುತನವೇ ರೋಗದಂತೆ ಕಂಡೀತು. ಇನ್ನು ‘ಮನೆಯಲ್ಲಿ ಕನ್ನಡ ನಿಲ್ಲಿಸಿ, ಮಗುವಿಗೆ ಗೊಂದಲ’ ಎನ್ನುವವರು ಇದ್ದೇ ಇರುತ್ತಾರೆ. ಎರಡು ಭಾಷೆಯಿಂದ ಎಡಿಎಚ್‌ಡಿ ಬರುವುದಿಲ್ಲ. ಕನ್ನಡ ಬಿಟ್ಟರೆ ಅದು ಹೋಗುವುದೂ ಇಲ್ಲ.

ಈಗ ಶಾಲೆ. ಸಾರ್ವಜನಿಕ ಶಾಲೆಯಲ್ಲಿ ಎರಡು ಕಾನೂನುಗಳು ನಿಮ್ಮ ಪರ ಇವೆ. 1973ರ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್ನಿನಡಿ ಸಿಗುವುದು ಹೆಚ್ಚಾಗಿ ಅನುಕೂಲಗಳು: ಪರೀಕ್ಷೆಗೆ ಒಂದೂವರೆಪಟ್ಟು ಸಮಯ, ಸದ್ದಿಲ್ಲದ ಕೋಣೆ. ಅಂಗವೈಕಲ್ಯವಿರುವ ಮಕ್ಕಳ ಶಿಕ್ಷಣಕ್ಕಾಗಿರುವ ಐಡಿಇಎ ಕಾಯ್ದೆಯಡಿ ಸಿಗುವ ಐಇಪಿ, ಅಂದರೆ ಆ ಮಗುವಿಗೆಂದೇ ಬರೆದ ಶಿಕ್ಷಣ ಯೋಜನೆ, ಅದಕ್ಕಿಂತ ದೊಡ್ಡದು: ವಿಶೇಷ ಬೋಧನೆ, ಅಳೆಯಬಹುದಾದ ಗುರಿಗಳು, ವರ್ಷಕ್ಕೊಮ್ಮೆ ಮೀಟಿಂಗ್, 3 ವರ್ಷಕ್ಕೊಮ್ಮೆ ಮರುಪರೀಕ್ಷೆ. ಅಲ್ಲಿ ಎಡಿಎಚ್‌ಡಿಯನ್ನು ಸಾಮಾನ್ಯವಾಗಿ ‘ಅದರ್ ಹೆಲ್ತ್ ಇಂಪೇರ್‌ಮೆಂಟ್’ (ಇತರ ಆರೋಗ್ಯ ತೊಂದರೆ) ಎಂಬ ವರ್ಗದಲ್ಲಿ ಸೇರಿಸುತ್ತಾರೆ.

ಪ್ರಿನ್ಸಿಪಾಲರಿಗೂ ಸ್ಪೆಷಲ್ ಎಜುಕೇಷನ್ ವಿಭಾಗಕ್ಕೂ ಒಂದೇ ಇಮೇಲ್ ಕಳಿಸಿ. ದಿನಾಂಕ, ಮಗುವಿನ ಹೆಸರು, ತರಗತಿ. ‘ಐಡಿಇಎ ಮತ್ತು ಸೆಕ್ಷನ್ 504 ಎರಡರಡಿಯೂ ಮೌಲ್ಯಮಾಪನ ಕೋರುತ್ತೇನೆ, ಒಪ್ಪಿಗೆ ಫಾರ್ಮ್ ಕಳಿಸಿ’ ಎಂಬ ಸಾಲು. ‘ಕಳೆದ ತಿಂಗಳು 20 ಹೋಮ್‌ವರ್ಕಿನಲ್ಲಿ 11 ಸಲ್ಲಿಸಿಲ್ಲ’ ಎಂಬಂಥ ಎರಡು ಮೂರು ನಿಖರ ಸಂಗತಿ. ಅಷ್ಟು ಸಾಕು. ಪಿಕಪ್ ಲೈನಿನಲ್ಲಿ ಕಾರಿನ ಕಿಟಕಿಯಿಂದ ಹೇಳಿದ ಮಾತಿಗೆ ದಾಖಲೆಯಿಲ್ಲ. ಒಪ್ಪಿಗೆ ಫಾರ್ಮಿಗೆ ನೀವು ಸಹಿ ಹಾಕಿದ ಮೇಲೆ ಕೇಂದ್ರದ ಐಡಿಇಎ ನಿಯಮದಂತೆ 60 ದಿನದಲ್ಲಿ ಮೌಲ್ಯಮಾಪನ ಮುಗಿಯಬೇಕು. ರಾಜ್ಯಗಳು ಬೇರೆ ಗಡುವು ಇಟ್ಟುಕೊಳ್ಳಬಹುದು. ಟೆಕ್ಸಾಸ್‌ನಲ್ಲಿ ಅದು 45 ಶಾಲಾದಿನ. ಕ್ಯಾಲಿಫೋರ್ನಿಯಾದಲ್ಲಿ ಪತ್ರ ತಲುಪಿದ 15 ದಿನದೊಳಗೆ ಮೌಲ್ಯಮಾಪನದ ಯೋಜನೆ ಕೊಡಬೇಕು. ಕೆಲವು ರಾಜ್ಯಗಳಲ್ಲಿ ಬೇಸಿಗೆ ರಜೆ ಈ ಎಣಿಕೆಯನ್ನು ನಿಲ್ಲಿಸಿಬಿಡುವುದರಿಂದ ಅಲ್ಲಿ ಮೇ ತಿಂಗಳ ಪತ್ರಕ್ಕಿಂತ ಸೆಪ್ಟೆಂಬರ್ ಪತ್ರ ಬೇಗ ಫಲ ಕೊಡುತ್ತದೆ.

ಪತ್ರಕ್ಕೆ ಎರಡು ಬಗೆಯ ಉತ್ತರ ಬರಬಹುದು. ‘ಮೊದಲು ಕೆಲವು ವಾರ ಇಂಟರ್‌ವೆನ್ಷನ್ ಮಾಡಿ ನೋಡೋಣ’ ಎಂಬುದು ಒಂದು, ಅಂದರೆ ತರಗತಿಯಲ್ಲೇ ಹೆಚ್ಚುವರಿ ನೆರವು. ಮಾಡಲಿ, ಆದರೆ ಅದನ್ನೇ ನೆಪ ಮಾಡಿಕೊಂಡು ಮೌಲ್ಯಮಾಪನ ಮುಂದೂಡುವಂತಿಲ್ಲ. ‘ಗ್ರೇಡ್ ಚೆನ್ನಾಗಿದೆಯಲ್ಲ’ ಎಂಬುದು ಇನ್ನೊಂದು. ಒಳ್ಳೆಯ ಗ್ರೇಡ್ ಇದೆ ಎಂಬ ಒಂದೇ ಕಾರಣಕ್ಕೆ ಅರ್ಹತೆ ತಪ್ಪುವುದಿಲ್ಲ. 20 ನಿಮಿಷದ ಹೋಮ್‌ವರ್ಕಿಗೆ ಮನೆಯಲ್ಲಿ ಎರಡು ಗಂಟೆ ಹಿಡಿಯುತ್ತಿದ್ದರೆ ಅದನ್ನು ಬರೆದು ಕೊಡಿ. ನಿರಾಕರಿಸುವುದಾದರೆ ಕಾರಣವನ್ನು ಲಿಖಿತವಾಗಿ ಕೇಳಿ.

ಮೌಲ್ಯಮಾಪನದ ನಂತರದ ಮೀಟಿಂಗಿನಲ್ಲಿ ಅಂದೇ ಸಹಿ ಹಾಕಬೇಕಿಲ್ಲ, ಮನೆಗೆ ತಂದು ಓದಬಹುದು. ಐಇಪಿ ಮೀಟಿಂಗಿಗೆ ಕನ್ನಡ ದುಭಾಷಿ ಬೇಕಿದ್ದರೆ ನಿಮಗೆ ಖರ್ಚಿಲ್ಲದೆ ಶಾಲೆಯೇ ಒದಗಿಸಬೇಕು. ಕಾಗದದಲ್ಲಿ ‘ಪ್ರಿಫರೆನ್ಷಿಯಲ್ ಸೀಟಿಂಗ್’ (ಅನುಕೂಲದ ಜಾಗದಲ್ಲಿ ಕೂರಿಸುವುದು) ಎಂದಷ್ಟೇ ಇದ್ದರೆ ನಾಳೆ ಅದಕ್ಕೆ ಹೇಗೆ ಬೇಕಾದರೂ ಅರ್ಥ ಮಾಡಿಕೊಳ್ಳಬಹುದು. ‘ಬಾಗಿಲು, ಪೆನ್ಸಿಲ್ ಶಾರ್ಪ್‌ನರ್‌ಗಳಿಂದ ದೂರ, ಟೀಚರ್ ಕೈಗೆಟಕುವ ಜಾಗ, 20 ಲೆಕ್ಕದ ಬದಲು ಅದೇ ಬಗೆಯ 10, ದಿನದ ಕೊನೆಗೆ ಪ್ಲಾನರ್ ನೋಡಿ ಟೀಚರ್ ಇನಿಶಿಯಲ್ ಹಾಕುವುದು, ರಿಸೆಸ್ (ಆಟದ ಬಿಡುವು) ಕಿತ್ತುಕೊಳ್ಳುವ ಶಿಕ್ಷೆ ಇಲ್ಲ’ ಎಂದು ಬರೆಸಿ. ಓಡಾಡಲೇಬೇಕಾದ ಮಗುವಿನ ಓಡಾಟ ಕಿತ್ತುಕೊಂಡರೆ ಮಧ್ಯಾಹ್ನದ ಪಾಠ ಇನ್ನಷ್ಟು ಕೆಡುತ್ತದೆ.

ಹಣೆಪಟ್ಟಿಯ ಭಯ ಎಲ್ಲರಿಗೂ ಇದೆ. ಕಾಲೇಜಿಗೆ ಹೋಗುವ ಟ್ರಾನ್ಸ್‌ಕ್ರಿಪ್ಟಿನಲ್ಲಿ ಮಗುವಿನ ಅಂಗವೈಕಲ್ಯ ಬಯಲಾಗುವಂತೆ ಬರೆಯುವ ಹಾಗಿಲ್ಲ. ಎಚ್-4 (ಅವಲಂಬಿತರ) ವೀಸಾದ ಮಗುವಿಗೂ ಶಾಲೆಯಲ್ಲಿ ಇದೇ ಹಕ್ಕು. ‘ಮಾತ್ರೆ ಕೊಟ್ಟರೆ ಮಾತ್ರ ಶಾಲೆಗೆ ಕಳಿಸಿ’ ಎಂದು ಶಾಲೆ ಹೇಳುವಂತಿಲ್ಲ. ಐಡಿಇಎ ಅದನ್ನು ಸ್ಪಷ್ಟವಾಗಿ ತಡೆಯುತ್ತದೆ.

ಮಾತ್ರೆಯ ವಿಷಯ ಡಾಕ್ಟರ ಜತೆಗೇ ಇತ್ಯರ್ಥವಾಗಬೇಕು. 6 ವರ್ಷದೊಳಗಿನವರಿಗೆ ಮೊದಲು ಪೋಷಕರ ತರಬೇತಿ. 6 ದಾಟಿದವರಿಗೆ ಔಷಧ ಮತ್ತು ವರ್ತನೆಯ ಚಿಕಿತ್ಸೆ ಎರಡೂ ಜತೆಜತೆಗೆ. ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದ್ರೋಗವೋ ಹಠಾತ್ ಸಾವೋ ಆಗಿದ್ದರೆ ಮೊದಲೇ ಹೇಳಿ. ಮೀಥೈಲ್‌ಫೆನಿಡೇಟ್ ಬಗೆಯ ಔಷಧ ಹಸಿವನ್ನು ಕುಗ್ಗಿಸುತ್ತದೆ. ಬೆಳಿಗ್ಗೆ ಮಾತ್ರೆಗೆ ಮುಂಚೆ ಇಡ್ಲಿಯೋ ದೋಸೆಯೋ ಹೊಟ್ಟೆ ಸೇರಲಿ. ಊಟದ ಡಬ್ಬಿ ಹಾಗೇ ವಾಪಸ್ ಬಂದರೆ ಬೈಯಬೇಡಿ, ಮಾತ್ರೆಯ ಪ್ರಭಾವ ಇಳಿದು ಸಂಜೆ ಹಸಿವು ಮರಳಿದಾಗ ಗಟ್ಟಿ ಊಟ ಸಿದ್ಧವಿರಲಿ. ಎತ್ತರ, ತೂಕ, ಬಿಪಿಗಳನ್ನು ಆಗಾಗ ಅಳೆಸಬೇಕು.

ಈ ಔಷಧಗಳು ಇಲ್ಲಿ ಬಿಗಿ ನಿಯಂತ್ರಣದ ಷೆಡ್ಯೂಲ್ 2 ಪಟ್ಟಿಯಲ್ಲಿವೆ, ರೀಫಿಲ್ ಇಲ್ಲ. ಪ್ರತಿ ಸಲವೂ ಹೊಸ ಪ್ರಿಸ್ಕ್ರಿಪ್ಷನ್. ರಜೆಗೆ ಊರಿಗೆ ಹೊರಟಾಗ ‘ಬೆಂಗಳೂರಿನಲ್ಲೇ ಕೊಂಡರಾಯಿತು’ ಎಂದು ಹೊರಡಬೇಡಿ. ಭಾರತದಲ್ಲಿ ಮೀಥೈಲ್‌ಫೆನಿಡೇಟ್ ಬಿಗಿ ನಿಯಂತ್ರಣದ ಔಷಧ, ಇಲ್ಲಿ ಕೊಡುವ ಇನ್ನೊಂದು ಔಷಧ ಆಡರಾಲ್ ಅಂತೂ ಅಲ್ಲಿನ ಅಂಗಡಿಗಳಲ್ಲಿ ಸಿಗುವುದೇ ಇಲ್ಲ; ಅದರಲ್ಲಿರುವ ಆಂಫೆಟಮಿನ್ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯಡಿ ಬರುವ ವಸ್ತು. ಟಿಕೆಟ್ ಬುಕ್ ಮಾಡಿದ ದಿನವೇ ಡಾಕ್ಟರಿಗೂ ಭಾರತೀಯ ಕಾನ್ಸುಲೇಟಿಗೂ ಬರೆದು ಕೇಳಿ. ಒಯ್ಯಬಹುದೆಂದು ಉತ್ತರ ಬಂದರೆ ಫಾರ್ಮಸಿಯ ಲೇಬಲ್ ಇರುವ ಅದೇ ಡಬ್ಬಿ, ಪ್ರಿಸ್ಕ್ರಿಪ್ಷನ್, ಡಾಕ್ಟರ ಪತ್ರ ಮೂರೂ ಕೈಚೀಲದಲ್ಲಿರಲಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಬೇಡ.