ಅಡಿಕೆ ತೋಟದ ನೀರಿನಿಂದ ಲೇಸರ್ ಟ್ಯೂಬ್ ತಂಪು

ಲೇಸರ್ ಕಟಿಂಗ್ ಯಂತ್ರದಲ್ಲಿ ಲೇಸರ್ ಬೆಳಕು ಹುಟ್ಟುವ ಗಾಜಿನ ಟ್ಯೂಬನ್ನು ತಂಪಾಗಿಡಲು ಅದರೊಳಗೆ ನೀರು ಹರಿಸಬೇಕು. ಆ ನೀರನ್ನು 20 ಡಿಗ್ರಿಯಲ್ಲಿ ಇಡಿ ಎಂದು ಯಂತ್ರ ಮಾರುವವರು ಹೇಳುತ್ತಾರೆ. ಕಾಸರಗೋಡಿನ ಏಪ್ರಿಲ್-ಮೇ ಸೆಕೆಯಲ್ಲಿ ಆ ಮಾತನ್ನು ಹಾಗೇ ಪಾಲಿಸಿದರೆ ಟ್ಯೂಬಿಗೆ ಅಪಾಯ. ನೀರು 30 ದಾಟಿದರೂ ಅಪಾಯವೇ. ಈ ಎರಡರ ನಡುವೆ ನಮಗೆ ಸಿಗುವುದು ಬಹಳ ಸಣ್ಣ ಜಾಗ, ಸುಮಾರು 26ರಿಂದ 29 ಡಿಗ್ರಿ. ನೀರನ್ನು ಅಲ್ಲಿ ನಿಲ್ಲಿಸಲು ದುಬಾರಿ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಬೇಕಾಗಿಲ್ಲ. ನಮ್ಮ ಬಾವಿಯ ನೀರು ಸಾಕು. ನಾನು ಅದನ್ನು ಹೇಗೆ ಮಾಡಿಕೊಂಡೆ ಎಂದು ಇಲ್ಲಿ ಬರೆದಿದ್ದೇನೆ.

ನೀರ್ಚಾಲಿನ ಹತ್ತಿರ ಮನೆಗೆ ತಾಗಿದ ಕೋಣೆಯಲ್ಲಿ ನನ್ನ ಯಂತ್ರ ಇದೆ. 60 ವಾಟ್‌ನ ಗಾಜಿನ ಟ್ಯೂಬ್. ಕನ್ನಡ, ಮಲಯಾಳಂ ನಾಮಫಲಕ, ಶಾಲೆಯ ವಾರ್ಷಿಕೋತ್ಸವದ ಸ್ಮರಣಿಕೆ, ಯಕ್ಷಗಾನ ಕಲಾವಿದರ ಸನ್ಮಾನ ಫಲಕ, ಮದುವೆ ಮಂಟಪದ ಅಕ್ಷರಗಳು, ಇವೇ ಹೆಚ್ಚು. ಡಿಸೆಂಬರಿನಿಂದ ಮೇ ತನಕ ಜಾತ್ರೆ, ಭೂತಕೋಲ, ಯಕ್ಷಗಾನದ ಆಟ, ಮದುವೆ ಅಂತ ಬಿಡುವೇ ಇಲ್ಲ. ಕೆಲಸ ಜಾಸ್ತಿ ಇರುವ ತಿಂಗಳುಗಳೇ ಸೆಕೆಯ ತಿಂಗಳುಗಳೂ ಹೌದು.

ಮೊದಲು ಬಿಸಿಯ ಲೆಕ್ಕ ನೋಡೋಣ. ಗಾಜಿನ ಟ್ಯೂಬಿಗೆ ಕೊಟ್ಟ ವಿದ್ಯುತ್ತಿನಲ್ಲಿ ಬೆಳಕಾಗಿ ಹೊರಬರುವುದು ಬಹಳ ಸ್ವಲ್ಪ. ಉಳಿದದ್ದೆಲ್ಲ ಬಿಸಿಯಾಗಿ ನೀರಿಗೆ ಇಳಿಯುತ್ತದೆ. ನನ್ನ ಟ್ಯೂಬ್ ಪೂರ್ತಿ ಶಕ್ತಿಯಲ್ಲಿ ಉರಿಯುವಾಗ ಸುಮಾರು 400 ವಾಟ್ ಬಿಸಿ ಅಂತ ಹಿಡಿದಿದ್ದೇನೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಬೇಕು. ಅಂದರೆ 20 ಲೀಟರಿನ ಬಕೆಟ್ ಇಟ್ಟರೆ ಮೂರೂವರೆ ನಿಮಿಷಕ್ಕೆ ಒಂದು ಡಿಗ್ರಿ ಏರುತ್ತದೆ. 27ರಲ್ಲಿ ಶುರುಮಾಡಿದರೆ ಹತ್ತು ನಿಮಿಷದಲ್ಲಿ 30. 200 ಲೀಟರಿನ ನೀಲಿ ಡ್ರಮ್ ಆದರೆ ಒಂದು ಡಿಗ್ರಿಗೆ ಅರ್ಧ ಗಂಟೆಗಿಂತ ಜಾಸ್ತಿ ಬೇಕು. ಡಿಸೆಂಬರ್, ಜನವರಿಯಲ್ಲಿ ಡ್ರಮ್ ಒಂದೇ ಸಾಕಾಗುತ್ತದೆ, ಯಾಕೆಂದರೆ ರಾತ್ರಿ ಚಳಿಗೆ ಅದು ಮತ್ತೆ ತಣ್ಣಗಾಗುತ್ತದೆ. ಮೇ ತಿಂಗಳಲ್ಲಿ ರಾತ್ರಿಯೂ ಸೆಕೆ. ಹಿಂದಿನ ದಿನದ ಬಿಸಿ ಡ್ರಮ್ಮಿನಲ್ಲೇ ಉಳಿದಿರುತ್ತದೆ.

ಈಗ 20 ಡಿಗ್ರಿ ಯಾಕೆ ಬೇಡ ಎಂಬುದಕ್ಕೆ ಬರುತ್ತೇನೆ. ನಮ್ಮ ಊರಿನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ವಿಷಯ ಇದೇ. ಫ್ರಿಜ್ಜಿನಿಂದ ತೆಗೆದ ಬಾಟಲಿ ಮೈಯೆಲ್ಲ ಬೆವರುತ್ತದೆ, ಅಲ್ವಾ? ಟ್ಯೂಬೂ ಹಾಗೆಯೇ ಬೆವರುತ್ತದೆ. ಗಾಳಿಯ ಪಸೆ ಹನಿಗಟ್ಟಲು ಶುರುವಾಗುವ ಉಷ್ಣತೆಗೆ ಇಬ್ಬನಿ ಬಿಂದು ಎನ್ನುತ್ತಾರೆ. ಅದನ್ನು ಅಂದಾಜು ಮಾಡಲು ಸುಲಭದ ದಾರಿ ಇದೆ. 100ರಿಂದ ತೇವಾಂಶದ ಶೇಕಡಾವಾರನ್ನು ಕಳೆಯಿರಿ, ಬಂದದ್ದನ್ನು 5ರಿಂದ ಭಾಗಿಸಿ, ಅದನ್ನು ಕೋಣೆಯ ಉಷ್ಣತೆಯಿಂದ ಕಳೆಯಿರಿ. ಕೋಣೆ 33 ಡಿಗ್ರಿ, ತೇವಾಂಶ 65 ಇದ್ದರೆ ಇಬ್ಬನಿ ಬಿಂದು 26. ತೇವಾಂಶ 50ಕ್ಕಿಂತ ಮೇಲಿದ್ದರೆ ಈ ಲೆಕ್ಕ ಸಾಕಷ್ಟು ಸರಿ ಬರುತ್ತದೆ, ಕರಾವಳಿಯ ಸೆಕೆಗಾಲದಲ್ಲಿ ಅದು ಹೇಗೂ ಮೇಲೇ ಇರುತ್ತದೆ. ಎಚ್‌ಟಿಸಿ-1 ಎಂಬ ಗಡಿಯಾರದಂಥ ಮೀಟರ್ ಉಷ್ಣತೆ, ತೇವಾಂಶ ಎರಡನ್ನೂ ತೋರಿಸುತ್ತದೆ. ಬೆಲೆಯೂ ಕಡಿಮೆ. ನಾನು ಯಂತ್ರದ ಪಕ್ಕದಲ್ಲೇ ಅದನ್ನು ತೂಗುಹಾಕಿದ್ದೇನೆ. ದಿನದ ಕೆಲಸ ಶುರುಮಾಡುವ ಮೊದಲು ಅದನ್ನು ನೋಡಿಯೇ ನೀರು ಎಷ್ಟರಲ್ಲಿ ಇರಬೇಕು ಎಂದು ತೀರ್ಮಾನಿಸುತ್ತೇನೆ.

ಟ್ಯೂಬಿನ ಒಂದು ತುದಿಯಲ್ಲಿ 15 ಸಾವಿರ ವೋಲ್ಟಿನ ಆಸುಪಾಸು ವಿದ್ಯುತ್ ಇರುತ್ತದೆ. ಅಲ್ಲಿ ಗಾಜಿನ ಮೇಲೆ ಪಸೆ ಕೂತರೆ ವಿದ್ಯುತ್ ಯಂತ್ರದ ಮೈಗೆ ಹಾರುತ್ತದೆ. ಇನ್ನೊಂದು ತುದಿಯಲ್ಲಿ ಬೆಳಕು ಹೊರಬರುವ ಕನ್ನಡಿ ಇದೆ. ಅದರ ಮೇಲೆ ಹನಿ ಕೂತರೆ ಕತ್ತರಿಸುವ ಎಂಡಿಎಫ್ (ಮರದ ನಾರಿನ ಹಲಗೆ) ಹೊಗೆ ಬಂದು ಅಂಟುತ್ತದೆ, ಆಮೇಲೆ ಅದು ಸುಡುತ್ತದೆ. ಆದ್ದರಿಂದ ನನ್ನ ನಿಯಮ ಒಂದೇ: ನೀರು ಆ ದಿನದ ಇಬ್ಬನಿ ಬಿಂದುವಿಗಿಂತ ಒಂದೆರಡು ಡಿಗ್ರಿ ಮೇಲೆ ಇರಬೇಕು, 30ರ ಒಳಗೆ ಇರಬೇಕು. ಜನವರಿಯ ಒಣ ಗಾಳಿಯಲ್ಲಿ 22ಕ್ಕೆ ಇಳಿಸಿದರೂ ತೊಂದರೆ ಇಲ್ಲ. ಮೇ ತಿಂಗಳಲ್ಲಿ 27, 28ರಲ್ಲಿ ಇಟ್ಟರೆ ಕತ್ತರಿಸುವ ಶಕ್ತಿ ಸ್ವಲ್ಪ ಕಡಿಮೆಯಾಗುತ್ತದೆ, ಅದನ್ನು ವೇಗ ತಗ್ಗಿಸಿ ಸರಿದೂಗಿಸುತ್ತೇನೆ. ಕೋಣೆಗೆ ಎಸಿ ಇದ್ದವರ ಲೆಕ್ಕ ಬೇರೆ.

ಮಾರುಕಟ್ಟೆಯಲ್ಲಿ ಸಿಗುವುದರ ಬಗ್ಗೆ ಸ್ವಲ್ಪ ಹೇಳುತ್ತೇನೆ. ಸಿಡಬ್ಲ್ಯು-3000 ಎಂದು ಮಾರುವ ಪೆಟ್ಟಿಗೆ ನೋಡಲು ಚಿಲ್ಲರ್‌ನಂತೆಯೇ ಇರುತ್ತದೆ, ಆದರೆ ಒಳಗೆ ಕಂಪ್ರೆಸರ್ ಇಲ್ಲ. ರೇಡಿಯೇಟರ್, ಫ್ಯಾನ್, ಪಂಪು ಅಷ್ಟೇ. ಕೋಣೆ 33 ಇದ್ದರೆ ನೀರು ಅದಕ್ಕಿಂತ ಮೇಲೆಯೇ. ಹಳೆ ಕಾರಿನ ರೇಡಿಯೇಟರ್ ಕಟ್ಟಿದರೂ ಫಲ ಅದೇ. ಸಿಡಬ್ಲ್ಯು-5000, 5200ರಲ್ಲಿ ಕಂಪ್ರೆಸರ್ ಇದೆ, ಒಳ್ಳೆಯವು, ಆದರೆ ನನಗೆ ಹೇಳಿದ ಬೆಲೆ 30–40 ಸಾವಿರ. ಕರೆಂಟು ಕೊಟ್ಟರೆ ಒಂದು ಮೈ ತಂಪಾಗುವ ಪೆಲ್ಟಿಯರ್ ಬಿಲ್ಲೆಗಳನ್ನು ಹಾಕಿ ಎಂದು ಕೆಲವರು ಹೇಳುತ್ತಾರೆ. ಅದು ತೆಗೆಯುವ ಬಿಸಿಗಿಂತ ತಿನ್ನುವ ಕರೆಂಟೇ ಹೆಚ್ಚು, 400 ವಾಟಿಗೆ ಅದು ಆಗುವ ಮಾತಲ್ಲ.

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯಲ್ಲಿ ಇದೇ ಕೆಲಸ ಮಾಡುವ ಗೆಳೆಯರೊಬ್ಬರಿದ್ದಾರೆ. ಅವರು ಕೂಲರ್‌ನ ಒದ್ದೆ ಪ್ಯಾಡ್ ಮೇಲೆ ನೀರು ಹರಿಸಿಯೇ ತಂಪು ಮಾಡಿಕೊಳ್ಳುತ್ತಾರೆ. ಅಲ್ಲಿ ಬೇಸಿಗೆಯ ಗಾಳಿ ಒಣ. 40 ಡಿಗ್ರಿ ಬಿಸಿಲು, ತೇವಾಂಶ 20 ಇರುವ ದಿನ ನೀರು ಆವಿಯಾಗುತ್ತಾ 22, 23ರ ಹತ್ತಿರ ಇಳಿಯಬಲ್ಲದು. ಆ ನಾಡಿನಲ್ಲಿ ಅದಕ್ಕಿಂತ ಅಗ್ಗದ ದಾರಿ ಇಲ್ಲ. ನಮ್ಮಲ್ಲಿ ಬಟ್ಟೆ ಒಣಗುವುದೇ ಕಷ್ಟ, ನೀರು ಎಲ್ಲಿ ಆವಿಯಾಗಬೇಕು? ಇಲ್ಲಿ ಆ ದಾರಿಯಲ್ಲಿ ಹೆಚ್ಚೆಂದರೆ 27ರ ಆಸುಪಾಸಿಗೆ ಬರಬಹುದು, ಜೊತೆಗೆ ಕೋಣೆಯೆಲ್ಲ ಇನ್ನಷ್ಟು ಪಸೆ.

ನಮ್ಮಲ್ಲಿ ಇರುವುದು ನೆಲದೊಳಗಿನ ತಂಪು. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದ ಒಳಗಿನ ನೀರಿಗೆ ಹೊರಗಿನ ಬಿಸಿಲು ಅಷ್ಟಾಗಿ ತಾಗುವುದಿಲ್ಲ, ವರ್ಷವಿಡೀ ಹೆಚ್ಚುಕಡಿಮೆ ಒಂದೇ ಉಷ್ಣತೆ. ನಮ್ಮ ಬಾವಿಯಲ್ಲಿ ಥರ್ಮಾಮೀಟರ್ ಇಳಿಸಿದರೆ ಮಾರ್ಚಿನಲ್ಲೂ 26 ತೋರಿಸುತ್ತದೆ. ಮೇಲಿನ ಮನೆಯ ದೊಡ್ಡಪ್ಪನ ಸುರಂಗದ ನೀರೂ ಅಷ್ಟೇ. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ನೀರು ತಾನಾಗಿಯೇ ಇಳಿದು ಬರುತ್ತದೆ, ಪಂಪೂ ಬೇಡ. ಸುರಂಗ ಇರುವವರಿಗೆ ಇದು ಹಗಲು ರಾತ್ರಿ ಪುಕ್ಕಟೆ ಸಿಗುವ ತಂಪು. ಬಾವಿ ಇರುವವರೂ ಬೇಸರ ಪಡಬೇಕಾಗಿಲ್ಲ. ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ಹೇಗೂ ಗಂಟೆಗಟ್ಟಲೆ ನೀರು ಬಿಡುತ್ತೇವೆ. ತೋಟಕ್ಕೆ ಹೋಗುವ ಆ ನೀರು ದಾರಿಯಲ್ಲಿ ಲೇಸರಿನ ಬಿಸಿಯನ್ನೂ ಹೊತ್ತುಕೊಂಡು ಹೋಗಲಿ ಎಂಬುದೇ ನನ್ನ ಏರ್ಪಾಡು.

ಆದರೆ ಬಾವಿ ನೀರನ್ನು ನೇರವಾಗಿ ಟ್ಯೂಬಿಗೆ ಬಿಡಬೇಡಿ. ಅದರಲ್ಲಿ ಲವಣ ಇದೆ, ನಮ್ಮ ಕೆಂಪು ಮಣ್ಣಿನ ಕಬ್ಬಿಣವೂ ಇದೆ. ಗಾಜಿನೊಳಗೆ ಪದರ ಕಟ್ಟುತ್ತದೆ, ವಿದ್ಯುತ್ತೂ ನೀರಿನ ಮೂಲಕ ಸೋರಬಹುದು. ಟ್ಯೂಬಿನ ಒಳಗೆ ಡಿಸ್ಟಿಲ್ಡ್ ನೀರೇ ಆಗಬೇಕು. ಬ್ಯಾಟರಿ ಅಂಗಡಿಯಲ್ಲಿ ಕ್ಯಾನಿನಲ್ಲಿ ಸಿಗುತ್ತದೆ. ಹಾಗಾಗಿ ಎರಡು ನೀರು, ಎರಡು ದಾರಿ. 40 ಲೀಟರಿನ ಕಪ್ಪು ಟಬ್ಬಿನಲ್ಲಿ ಸುಮಾರು 25 ಲೀಟರ್ ಡಿಸ್ಟಿಲ್ಡ್ ನೀರು ಇದೆ. ಸಣ್ಣ ಮುಳುಗು ಪಂಪು ಅದನ್ನು ಟ್ಯೂಬಿಗೆ ಕಳಿಸಿ ಮತ್ತೆ ಟಬ್ಬಿಗೆ ತರುತ್ತದೆ. ಅದೇ ಟಬ್ಬಿನೊಳಗೆ ತಾಮ್ರದ ಪೈಪಿನ ಸುರುಳಿ ಮುಳುಗಿದೆ. ಸುರುಳಿಯ ಒಳಗೆ ಹರಿಯುವುದು ತೋಟದ ನೀರು. ಎರಡೂ ಎಲ್ಲಿಯೂ ಬೆರೆಯುವುದಿಲ್ಲ.

ತಾಮ್ರದ ಪೈಪು ಎಸಿ ರಿಪೇರಿ ಅಂಗಡಿಯಲ್ಲಿ 15 ಮೀಟರಿನ ಸುರುಳಿಯಾಗಿ ಸಿಗುತ್ತದೆ. ನಾನು ತೆಗೆದುಕೊಂಡದ್ದು ಅರ್ಧ ಇಂಚಿನದು, ಪೂರ್ತಿ ಸುರುಳಿ. ಇಲ್ಲಿ ಕಂಜೂಸಿ ಬೇಡ. 5 ಮೀಟರ್ ಹಾಕಿದರೆ ಬಿಸಿ ದಾಟುವ ಮೈ ಸಾಲದು, ಬಾವಿ ನೀರು 26 ಇದ್ದರೂ ಟಬ್ಬಿನ ನೀರು 30 ದಾಟುತ್ತದೆ. 15 ಮೀಟರ್ ಇದ್ದರೆ ವ್ಯತ್ಯಾಸ ಎರಡು ಮೂರು ಡಿಗ್ರಿಯಲ್ಲಿ ನಿಲ್ಲುತ್ತದೆ. ಬಗ್ಗಿಸುವ ಮೊದಲು ಎಸಿ ರಿಪೇರಿಯವರು ಹೇಳಿದ್ದು ನೆನಪಿದೆ: “ಅಣ್ಣಾ, ಸಣ್ಣ ಸುತ್ತು ಹಾಕಬೇಡಿ, ಪೈಪು ಚಪ್ಪಟೆಯಾಗ್ತದೆ.” 20 ಲೀಟರಿನ ಪೇಂಟ್ ಬಕೆಟ್‌ಗೆ ಸುತ್ತಿದರೆ ಸರಿಯಾದ ಅಳತೆ ಬರುತ್ತದೆ. ಸುತ್ತುಗಳ ನಡುವೆ ಬೆರಳು ತೂರುವಷ್ಟು ಜಾಗ ಬಿಡಿ. ಟಬ್ಬಿನ ನೀರು ಸುಮ್ನೆ ನಿಂತಿದ್ದರೆ ಸುರುಳಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೀನಿನ ತೊಟ್ಟಿಯ ಸಣ್ಣ ಪಂಪೊಂದನ್ನು ತಳದಲ್ಲಿಟ್ಟು ನೀರನ್ನು ಕಲಕುತ್ತಾ ಇರಬೇಕು. ಇದರಿಂದಲೇ ಒಂದು ಡಿಗ್ರಿ ಲಾಭ.

ತೋಟದ ಪೈಪಿನಿಂದ ಒಂದು ಕವಲು, ಅದಕ್ಕೊಂದು ವಾಲ್ವ್, ಒಂದು ಫಿಲ್ಟರ್, ಆಮೇಲೆ ಸುರುಳಿ. ನಿಮಿಷಕ್ಕೆ 4 ಲೀಟರ್ ಹರಿದರೆ ಸಾಕು. ಸುರುಳಿಯಿಂದ ಹೊರಬರುವ ನೀರು ಒಂದೂವರೆ ಡಿಗ್ರಿಯಷ್ಟೇ ಬಿಸಿಯಾಗಿರುತ್ತದೆ. ಅದು ನೇರ ಅಡಿಕೆ ಮರದ ಬುಡಕ್ಕೆ. ಒಂದು ಹನಿಯೂ ವ್ಯರ್ಥವಿಲ್ಲ, ಮರಕ್ಕೂ ತೊಂದರೆ ಇಲ್ಲ. ಎಲ್ಲ ಸೇರಿ ನನಗೆ 8 ಸಾವಿರದ ಒಳಗೆ ಆಯಿತು. ಅದರಲ್ಲಿ ದೊಡ್ಡ ಪಾಲು ತಾಮ್ರದ್ದೇ.

ಪಂಪು ಓಡುವ ಹೊತ್ತಿಗೆ ಕೆಲಸವನ್ನು ಹೊಂದಿಸಿಕೊಂಡಿದ್ದೇನೆ. ದಪ್ಪ ಅಕ್ರಿಲಿಕ್, ಪ್ಲೈವುಡ್ ಕತ್ತರಿಸುವುದೆಲ್ಲ ಬೆಳಗ್ಗೆ ತೋಟಕ್ಕೆ ನೀರು ಬಿಡುವಾಗ. ಅಕ್ಷರ ಕೆತ್ತುವ ಹಗುರ ಕೆಲಸ ಮಧ್ಯಾಹ್ನಕ್ಕೆ, ಯಾಕೆಂದರೆ ಆಗ ಟ್ಯೂಬ್ ಕಡಿಮೆ ಶಕ್ತಿಯಲ್ಲಿ ಉರಿಯುತ್ತದೆ. ಮಧ್ಯಾಹ್ನವೇ ದಪ್ಪ ಕೆಲಸ ಬಂದರೆ ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿ ತೆಗೆಯುತ್ತೇನೆ. ಒಂದು ಲೀಟರಿನ ಐಸ್ ಬಾಟಲಿ ಸುಮಾರು 20 ನಿಮಿಷದ ಬಿಸಿಯನ್ನು ಹೀರುತ್ತದೆ. ಮುಚ್ಚಳ ಭದ್ರವಾಗಿರಲಿ, ಹೊರಮೈ ಒರೆಸಿ ಹಾಕಿ. ಒಮ್ಮೆಗೆ ಒಂದೇ ಬಾಟಲಿ, ನಾಲ್ಕೈದು ಹಾಕಿದರೆ ನೀರು ಇಬ್ಬನಿ ಬಿಂದುವಿಗಿಂತ ಕೆಳಗೆ ಹೋಗುತ್ತದೆ. ಟಬ್ಬನ್ನು ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆಯ ಹಲಗೆಗಳಿಂದ ಸುತ್ತಲೂ ಮುಚ್ಚಿದ್ದೇನೆ. ಕುಂಬಳೆ, ಕಾಸರಗೋಡಿನ ಮೀನು ಮಾರುಕಟ್ಟೆಯ ಹತ್ತಿರ ಬಳಸಿ ಬಿಟ್ಟ ಪೆಟ್ಟಿಗೆ ಸಿಗುತ್ತದೆ. ಸೋಪು ಹಾಕಿ ತೊಳೆದು ಬಿಸಿಲಿಗೆ ಇಟ್ಟರೆ ವಾಸನೆ ಹೋಗುತ್ತದೆ.

ತಂಪು ಎಷ್ಟಿದ್ದರೂ ನೀರು ನಿಂತರೆ ಟ್ಯೂಬ್ ಒಡೆಯುತ್ತದೆ. ಆದ್ದರಿಂದ ನೀರು ಹರಿಯದಿದ್ದರೆ ಲೇಸರ್ ಉರಿಯದಂತೆ ಮಾಡುವ ಫ್ಲೋ ಸ್ವಿಚ್ ಇರಲೇಬೇಕು. ನಾನು ಅದರ ಜೊತೆ ಸಾಲಾಗಿ ಎಸ್‌ಟಿಸಿ-1000 ಎಂಬ ಉಷ್ಣತೆಯ ಕಂಟ್ರೋಲರನ್ನೂ ಸೇರಿಸಿದ್ದೇನೆ. ಅದರ ಹೀಟಿಂಗ್ ರಿಲೇ (ಹೀಟರಿಗೆಂದು ಇರುವ ಸ್ವಿಚ್) ಬಳಸಿ 30ಕ್ಕೆ ಇಟ್ಟರೆ, ನೀರು 30 ಮುಟ್ಟಿದ ಕೂಡಲೇ ಸಂಪರ್ಕ ಕಡಿದು ಲೇಸರ್ ನಿಲ್ಲುತ್ತದೆ. ಟ್ಯೂಬಿನಿಂದ ನೀರು ಹೊರಬರುವ ಮೂತಿ ಮೇಲ್ಮುಖವಾಗಿರಲಿ, ಇಲ್ಲದಿದ್ದರೆ ಗಾಳಿಗುಳ್ಳೆ ಒಳಗೇ ಕೂತು ಆ ಜಾಗದ ಗಾಜು ಕಾಯುತ್ತದೆ. ಯಂತ್ರಕ್ಕೂ ತಾಮ್ರದ ಸುರುಳಿಗೂ ಸರಿಯಾದ ಅರ್ತಿಂಗ್ ಕೊಡಿ. ಲೇಸರ್ ಉರಿಯುವಾಗ ಟಬ್ಬಿಗೆ ಕೈ ಹಾಕಬೇಡಿ.

ಜೂನ್ ಬಂದರೆ ತೋಟದ ಪಂಪು ನಿಲ್ಲುತ್ತದೆ. ಆಗ ಮನೆಯ ಟ್ಯಾಂಕಿಗೆ ನೀರು ಏರಿಸುವ ಪೈಪಿಗೇ ಸುರುಳಿಯನ್ನು ಜೋಡಿಸುತ್ತೇನೆ. ಮಳೆಗಾಲದಲ್ಲಿ ಕೆಲಸ ಕಡಿಮೆ, ಅಷ್ಟು ಸಾಕು. ಆಗ ಬಿಸಿಗಿಂತ ಪಸೆಯದ್ದೇ ತೊಂದರೆ. ತೇವಾಂಶ 90 ದಾಟಿದ ದಿನಗಳಲ್ಲಿ ಐಸ್ ಬಾಟಲಿ ಮುಟ್ಟುವುದಿಲ್ಲ. ಕೆಲಸ ಮುಗಿದ ಕೂಡಲೇ ನೀರಿನ ಪಂಪನ್ನೂ, ಸುರುಳಿಯ ವಾಲ್ವನ್ನೂ ನಿಲ್ಲಿಸುತ್ತೇನೆ. ಪಸೆ ಕೂರದಂತೆ ರಾತ್ರಿ ಟ್ಯೂಬಿನ ಗೂಡನ್ನು ಬೆಚ್ಚಗಿಡಲು ಅದರೊಳಗೆ, ಗಾಜಿನಿಂದ ದೂರದಲ್ಲಿ, 15 ವಾಟಿನ ಹಳೆಯ ಮಾದರಿಯ ಬಲ್ಬ್ ಉರಿಯುತ್ತಿರುತ್ತದೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ, ಅದು ಬೇಕಾದಷ್ಟು ಕಾಯುವುದಿಲ್ಲ.