ಕತ್ತಿನ ಪಕ್ಕ ಮೊದಲು, ಗಂಟು ಕೊನೆಗೆ

ಶಿವಮೊಗ್ಗದಲ್ಲಿ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಕೆಲಸ ಶುರು ಮಾಡಿದ ಹೊಸದರಲ್ಲಿ ಬರೆದ ಒಂದು ರಿಪೋರ್ಟ್ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ. ಹೊಸನಗರದ ಕಡೆಯ ಹೆಂಗಸು. ಥೈರಾಯಿಡ್‌ನ ಬಲಭಾಗದಲ್ಲಿ ಗಂಟು, ಸೂಜಿ ಪರೀಕ್ಷೆಯಲ್ಲಿ ಪ್ಯಾಪಿಲರಿ ಕ್ಯಾನ್ಸರ್ (ಥೈರಾಯಿಡ್ ಕ್ಯಾನ್ಸರ್‌ನಲ್ಲೇ ಹೆಚ್ಚಾಗಿ ಕಾಣುವ ಬಗೆ) ಅಂತ ಬಂದಿತ್ತು. ಆಪರೇಷನ್‌ಗೆ ಮುಂಚೆ ಇನ್ನೊಮ್ಮೆ ನೋಡಿ ಎಂದು ಕಳಿಸಿದ್ದರು. ಗಂಟಿನ ಉದ್ದ, ಅಗಲ, ದಪ್ಪ ಎಲ್ಲ ಅಳೆದೆ. ಈ ಕ್ಯಾನ್ಸರ್ ಹರಡಿದರೆ ಸಾಮಾನ್ಯವಾಗಿ ಮೊದಲು ಹೋಗುವುದು ಕತ್ತಿನ ದುಗ್ಧಗ್ರಂಥಿಗಳಿಗೆ, ಅಂದರೆ ಲಿಂಫ್ ನೋಡ್‌ಗಳಿಗೆ. ಕೊನೆಗೆ ‘ದುಗ್ಧಗ್ರಂಥಿಗಳಲ್ಲಿ ಏನೂ ಇಲ್ಲ’ ಎಂದು ಒಂದು ಸಾಲು ಸೇರಿಸಿ ಕೊಟ್ಟೆ.

ವರ್ಷ ತುಂಬುವ ಮೊದಲೇ ಕತ್ತಿನ ಬಲಪಕ್ಕದಲ್ಲಿ, ಕಾಲರ್ ಮೂಳೆಯ ಸ್ವಲ್ಪ ಮೇಲೆ ಊತ. ಮತ್ತೆ ಆಪರೇಷನ್. ನಾನು ಹಳೇ ಚಿತ್ರಗಳನ್ನು ತೆಗೆದು ನೋಡಿದೆ. ಕಣ್ಣು ತಪ್ಪಿದ್ದಲ್ಲ, ಆ ಜಾಗದ ಚಿತ್ರವೇ ಇರಲಿಲ್ಲ! ಪ್ರೋಬನ್ನು, ಅಂದರೆ ಮೈಮೇಲೆ ಆಡಿಸುವ ಸ್ಕ್ಯಾನಿಂಗ್ ಹಿಡಿಕೆಯನ್ನು, ಅಲ್ಲಿಗೆ ಒಯ್ದೇ ಇರಲಿಲ್ಲ ನಾನು.

ಗಂಟು ಸಿಕ್ಕ ಕೂಡಲೇ ಕಣ್ಣಿಗೆ ಹೊಟ್ಟೆ ತುಂಬಿಬಿಡುತ್ತದೆ. ಆಮೇಲೆ ನೋಡುವುದೆಲ್ಲ ಶಾಸ್ತ್ರಕ್ಕೆ. ಅದಕ್ಕೇ ಈಗ ಕ್ರಮವನ್ನೇ ತಿರುಗಿಸಿದ್ದೇನೆ. ಪಕ್ಕಗಳು ಮೊದಲು, ಗಂಟು ಕೊನೆಗೆ. ಆಪರೇಷನ್‌ಗೆ ಮುಂಚೆ ಕತ್ತಿನ ಗ್ರಂಥಿಗಳನ್ನೂ ಅಲ್ಟ್ರಾಸೌಂಡ್‌ನಲ್ಲಿ ನೋಡಲೇಬೇಕು ಅಂತ ಅಮೆರಿಕನ್ ಥೈರಾಯಿಡ್ ಅಸೋಸಿಯೇಷನ್‌ನ 2015ರ ಮಾರ್ಗಸೂಚಿಯಲ್ಲೂ ಇದೆ. ಓದಿದ್ದೆ, ಮಾಡಿರಲಿಲ್ಲ ಅಷ್ಟೆ.

ಭುಜದ ಕೆಳಗೆ ದಿಂಬು ಕೊಟ್ಟು ತಲೆ ಹಿಂದಕ್ಕೆ ಬಾಗಿಸುತ್ತೇನೆ. ಮಳೆಗಾಲದಲ್ಲಿ ಜೆಲ್ ಮಂಜುಗಡ್ಡೆಯ ಹಾಗಿರುತ್ತದೆ, ಬಾಟಲಿಯನ್ನು ಬಿಸಿನೀರಿನ ಮಗ್ಗಿನಲ್ಲಿ ಇಟ್ಟಿರುತ್ತೇವೆ. ಚರ್ಮದ ಹತ್ತಿರದ್ದನ್ನು ಸ್ಪಷ್ಟವಾಗಿ ತೋರಿಸುವ, 12 ಮೆಗಾಹರ್ಟ್ಸ್ ಆಸುಪಾಸಿನ ಲೀನಿಯರ್ ಪ್ರೋಬ್. ದವಡೆಯ ಕೆಳಗಿನಿಂದ ಹೊರಟು, ದೊಡ್ಡ ರಕ್ತನಾಳಗಳ ಜೊತೆಜೊತೆಗೇ ಕಾಲರ್ ಮೂಳೆಯವರೆಗೆ ಇಳಿಯುತ್ತೇನೆ. ಆಮೇಲೆ ಕತ್ತಿನ ಪಕ್ಕದ ದಪ್ಪ ಸ್ನಾಯುವಿನ ಹಿಂದಿನ ಭಾಗ. ನಂತರ ಇನ್ನೊಂದು ಪಕ್ಕ. ಗಂಟು ಒಂದೇ ಕಡೆ ಇದ್ದರೂ ಎರಡೂ ಪಕ್ಕ ನೋಡಲೇಬೇಕು. ತೀರ್ಥಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಮಲಗಿ ಮಲಗಿ ಬೇಸತ್ತು, “ಎಂತ ಮಾರಾಯ್ರೆ, ಕುತ್ತಿಗೇಲಿ ಮಗು ಹುಡುಕ್ತಿದೀರಾ?” ಅಂದರು. ನಗು ಬಂದು ಪ್ರೋಬ್ ಅಲುಗಾಡಿ ಆ ಚಿತ್ರ ಮತ್ತೆ ತೆಗೆಯಬೇಕಾಯಿತು.

ಒಳ್ಳೆಯ ಗ್ರಂಥಿ ಅವರೆಕಾಳಿನ ಹಾಗೆ ಉದ್ದಕ್ಕಿದ್ದು, ನಡುವೆ ಬಿಳಿ ಗೆರೆ ಇರುತ್ತದೆ. ದವಡೆ ಕೆಳಗಿನವು ಹುಳುಕು ಹಲ್ಲಿದ್ದರೂ ಊದಿಕೊಳ್ಳುತ್ತವೆ. ಎಲೆಅಡಿಕೆ ಹಾಕುವ ನಮ್ಮೂರಲ್ಲಿ ಹಲ್ಲು ನೆಟ್ಟಗಿರುವವರು ಎಷ್ಟು ಜನ ಹೇಳಿ! ಹಾಗಾಗಿ ಬರೀ ಗಾತ್ರ ನೋಡಿ ಹೆದರುವುದಿಲ್ಲ. ಬಿಳಿ ಗೆರೆ ಮಾಯವಾಗಿ ದುಂಡಗಾಗಿದ್ದರೆ ಅನುಮಾನ ಶುರು. ಒಳಗೆ ರವೆಯಂಥ ಬಿಳಿ ಚುಕ್ಕೆ, ನೀರು ತುಂಬಿದ ಕಪ್ಪು ಗುಳಿ, ಅಂಚಿನಿಂದ ನುಗ್ಗುವ ರಕ್ತ, ಇಲ್ಲವೇ ಥೈರಾಯಿಡ್‌ನದೇ ಒಂದು ಚೂರು ಬಂದು ಕೂತಂತೆ ಹೊಳಪು ಕಂಡರೆ ಅಲ್ಲಿಗೆ ಸೂಜಿ ಹಾಕಲೇಬೇಕು. ಸೂಜಿಯಲ್ಲಿ ಬಂದದ್ದನ್ನು ಗಾಜಿನ ಮೇಲೆ ಸವರಿ ಸ್ಲೈಡ್ ಮಾಡಿದ ಮೇಲೆ ಅದೇ ಸೂಜಿಯನ್ನು 1 ಮಿಲಿಲೀಟರ್ ಸಲೈನ್‌ನಲ್ಲಿ ತೊಳೆದು ಥೈರೋಗ್ಲೋಬ್ಯುಲಿನ್ ಪರೀಕ್ಷೆಗೂ ಕಳಿಸುತ್ತೇನೆ. ಅದು ಥೈರಾಯಿಡ್ ಜೀವಕೋಶಗಳು ಮಾತ್ರ ತಯಾರಿಸುವ ಪ್ರೋಟೀನ್. ಪಕ್ಕದ ಗ್ರಂಥಿಯಲ್ಲಿ ತುಂಬಾ ಇದ್ದರೆ ಕ್ಯಾನ್ಸರ್ ಅಲ್ಲಿಗೆ ಹರಡಿದೆ ಎಂದೇ ಅರ್ಥ. ನೀರು ತುಂಬಿದ ಗ್ರಂಥಿಯಲ್ಲಿ ಸ್ಲೈಡ್ ಸುಮ್ನಿದ್ದರೂ ಈ ತೊಳೆದ ನೀರು ಬಾಯಿ ಬಿಡುವುದುಂಟು.

ಕೊನೆಗೆ ಗಂಟು. ಅದು ಥೈರಾಯಿಡ್‌ನ ಹೊರಪದರವನ್ನು ಬರೀ ತಾಗಿದೆಯಾ, ಉಬ್ಬಿಸಿದೆಯಾ, ದಾಟಿ ಮುಂದಿನ ಸ್ನಾಯುವಿಗೆ ಇಳಿದಿದೆಯಾ? ಶ್ವಾಸನಾಳಕ್ಕೆ ಒತ್ತಿಕೊಂಡಿದೆಯಾ? ಹಿಂಬದಿಗಿದ್ದರೆ ಧ್ವನಿಯ ನರ ಹಾಯುವ ಜಾಗ ಅದು. ಅಲ್ಲಿ ಅನುಮಾನ ಬಂದರೆ ಧ್ವನಿತಂತುಗಳನ್ನು ಇಎನ್‌ಟಿಯವರು ಮೊದಲೇ ನೋಡಲಿ ಎಂದು ಬರೆಯುತ್ತೇನೆ.

ನನ್ನ ಪ್ರೋಬ್‌ಗೆ ಕಾಣದ ಜಾಗಗಳೂ ಇವೆ. ಶ್ವಾಸನಾಳದ ಗಾಳಿಯ ಹಿಂದೆ ಬರೀ ನೆರಳು. ಎದೆಮೂಳೆಯ ಹಿಂದೆ, ಗಂಟಲಿನ ಹಿಂಗೋಡೆಯ ಆಳದಲ್ಲಿ ಏನೂ ತಿಳಿಯುವುದಿಲ್ಲ. ಕ್ಯಾನ್ಸರ್ ಜಾಸ್ತಿ ಹರಡಿದಂತಿದ್ದರೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಔಷಧಿ) ಹಾಕಿ ಸಿಟಿ ಸ್ಕ್ಯಾನ್ ಮಾಡಿಸಬೇಕು. ಥೈರಾಯಿಡ್‌ಗೆ ಅಂಟಿಕೊಂಡೇ ಇರುವ ನಡುಗತ್ತಿನ ಸಣ್ಣ ಗ್ರಂಥಿಗಳಂತೂ ನನಗೆ ಎಷ್ಟೋ ಸಲ ಕಾಣುವುದೇ ಇಲ್ಲ. ಅದಕ್ಕೇ ಈಗ ‘ಇಲ್ಲ’ ಎಂದು ಬರೆಯುವುದಿಲ್ಲ. ‘ಕಾಣಲಿಲ್ಲ’ ಎಂದು ಬರೆಯುತ್ತೇನೆ.

ರಿಪೋರ್ಟ್ ಜೊತೆ ಕತ್ತಿನ ಚಿತ್ರವೊಂದನ್ನು ಕೈಯಲ್ಲೇ ಬಿಡಿಸಿ, ಗಂಟು, ಗ್ರಂಥಿ ಎಲ್ಲ ಗುರುತು ಮಾಡಿ ಸರ್ಜನ್‌ಗೆ ವಾಟ್ಸಾಪ್ ಮಾಡುತ್ತೇನೆ. ಮೊದಲ ಸಲ ಕಳಿಸಿದಾಗ, “ಇದು ಕುತ್ತಿಗೆಯೋ, ಹೂಜಿಯೋ? ಬಲ ಯಾವುದು ಸಾರ್?” ಎಂದು ಫೋನ್ ಬಂತು. ಈಗ ಎಡ, ಬಲ ಅಂತ ದಪ್ಪಕ್ಷರದಲ್ಲಿ ಬರೆದು, ಮೇಲೊಂದು ಮೂಗೂ ಬಿಡಿಸುತ್ತೇನೆ.