ನಾಯಿಗೂ ಒಬ್ಬ ಹೆಳವ ಬೇಕು

ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಾರೆ. ಕಟ್ಟೆಯ ಮೇಲೆ ಕೂತು ನಮ್ಮ ಮುತ್ತಜ್ಜನ ಅಜ್ಜನಿಂದ ಹಿಡಿದು ಹೋದ ಸಲ ಬರೆಸಿದ ಕೂಸಿನವರೆಗೆ ಮನೆತನದ ಹೆಸರುಗಳನ್ನೆಲ್ಲ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳೋ ದುಡ್ಡೋ ತಗೊಂಡು ಹೋಗುತ್ತಾರೆ. ಸತ್ತವರ ಹೆಸರು ಕೇಳಿಸಿಕೊಳ್ಳೋಕೆ ಯಾಕೆ ಜೋಳ ಕೊಡಬೇಕು ಅಂತ ಚಿಕ್ಕವನಿದ್ದಾಗ ನನಗೆ ಅನಿಸುತ್ತಿತ್ತು. ಉತ್ತರ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ, ಅದೂ ನಾಯಿಗಳಿಂದ.

ನಾನು ಮುಧೋಳ ತಾಲೂಕಿನವನು. ಕಬ್ಬು ಬೆಳೆಯುತ್ತೇನೆ, ಜೊತೆಗೆ ಮುಧೋಳ ನಾಯಿ ಸಾಕುತ್ತೇನೆ. ಘೋರ್ಪಡೆ ಅರಸರು ಮುದ್ದಿನಿಂದ ಬೆಳೆಸಿದ ತಳಿ ಇದು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ನಮ್ಮಜ್ಜನ ಕಾಲದಲ್ಲಿ ಇವು ಮೊಲದ ಹಿಂದೆ ಓಡುತ್ತಿದ್ದವು. ಈಗ ಬೇಟೆ ಕಾನೂನಿಗೆ ವಿರುದ್ಧ, ಹೊಲ-ಮನೆ ಕಾಯೋದೇ ಕೆಲಸ. ಅಜ್ಜನಿಗೆ ಯಾವ ಕಾಗದವೂ ಬೇಕಾಗಿರಲಿಲ್ಲ. ಸುತ್ತ ಐದಾರು ಊರಿನ ನಾಯಿಗಳು ಯಾರ ಮನೆಯ ಯಾವ ಹೆಣ್ಣಿನ ಮರಿ, ಅಪ್ಪ ಯಾವುದು ಅಂತ ಬಾಯಲ್ಲೇ ಹೇಳುತ್ತಿದ್ದರು. ಅವರ ಜೊತೆ ಆ ಲೆಕ್ಕವೂ ಹೋಯಿತು. ಈಗ ಮರಿಗಳು ಬೆಂಗಳೂರು, ಹೈದರಾಬಾದ್ ಅಂತ ಬಸ್ ಹತ್ತುತ್ತವೆ. ಯಾವುದರ ಲೆಕ್ಕ ಯಾರ ಬಾಯಲ್ಲಿ ಉಳಿಯುತ್ತೆ?

2015ರಲ್ಲಿ ಜಮಖಂಡಿ ಕಡೆಯಿಂದ ಒಂದು ಗಂಡು ಮರಿ ತಂದೆ, ರಾಜ ಅಂತ ಹೆಸರಿಟ್ಟೆ. ಎರಡು ತಿಂಗಳ ಮೇಲೆ ಮಹಾಲಿಂಗಪುರದ ಹತ್ತಿರದ ಒಂದು ತೋಟದಿಂದ ಚಂಪಿಯನ್ನು ತಂದೆ. ಊರು ಬೇರೆ, ಮನೆ ಬೇರೆ, ಬಣ್ಣವೂ ಬೇರೆ. ಸಂಬಂಧವಿಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. 2017ರಲ್ಲಿ ಚಂಪಿ ಬೆದೆಗೆ ಬಂದಾಗ ರಾಜನ ಜೊತೆ ಕ್ರಾಸ್ ಮಾಡಿಸಿದೆ.

ಏಳು ಮರಿ ಹುಟ್ಟಿದವು. ವಾರದೊಳಗೆ ಎರಡು ಸತ್ತವು. ಒಂದಕ್ಕೆ ಕೆಳದವಡೆ ಗಿಡ್ಡ, ಮೇಲಿನ ಹಲ್ಲು ಕೆಳಗಿನದಕ್ಕೆ ಕೂಡುತ್ತಲೇ ಇರಲಿಲ್ಲ. ಎರಡು ಗಂಡು ಮರಿಗಳಿಗೆ ಒಂದೊಂದು ಬೀಜ ಕೆಳಗೆ ಇಳಿಯಲೇ ಇಲ್ಲ. ಜಂತುಹುಳು ಇರಬೇಕು, ಚಂಪಿಗೆ ಹಾಲು ಸಾಲದೆ ಇರಬೇಕು ಅಂತ ಏನೇನೋ ಅಂದುಕೊಂಡೆ. ಡಾಕ್ಟರ್ ಮರಿಗಳನ್ನು ಎತ್ತಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ಇವುಗಳ ಅಜ್ಜ ಯಾರು?"

ನನಗೆ ಗೊತ್ತಿರಲಿಲ್ಲ. ಬೈಕ್ ಹತ್ತಿ ಎರಡೂ ಮನೆಗೆ ಹೋಗಿ ಕೇಳಿದೆ. ಎರಡೂ ಕಡೆ ಕ್ರಾಸಿಂಗ್‌ಗೆ ಕರೆಸಿದ್ದು ಒಂದೇ ಗಂಡು ನಾಯಿಯನ್ನು. ಆ ವರ್ಷ ಸುತ್ತಲಿನವರೆಲ್ಲ ಅದನ್ನೇ ಕರೆಸಿದ್ದರಂತೆ, ಅಷ್ಟು ಚೆಂದ ಇತ್ತಂತೆ. ಅಂದರೆ ನನ್ನ ರಾಜ, ಚಂಪಿ ಒಂದೇ ಅಪ್ಪನ ಮಕ್ಕಳು. ನಮ್ಮ ಮನೆಯಲ್ಲಿ ಕನ್ಯೆ ನೋಡಲು ಹೋದರೆ ಮೊದಲು ಬೆಡಗು, ಅಂದರೆ ವಂಶದ ಹೆಸರು, ಕೇಳುತ್ತೇವೆ. ನಾಯಿಗೆ ಬಣ್ಣ ನೋಡಿ ಮದುವೆ ಮಾಡಿದ್ದೆ.

ಲೆಕ್ಕ ಹೀಗಿದೆ. ಪ್ರತಿ ಗುಣಕ್ಕೂ ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ ಬರುತ್ತದೆ. ಕೆಟ್ಟ ಪ್ರತಿ ಒಂದೇ ಇದ್ದರೆ ಬಹಳ ಸಲ ಅಡಗಿ ಕೂತಿರುತ್ತದೆ, ಎರಡೂ ಕೆಟ್ಟವಾದರೆ ಹೊರಗೆ ಬರುತ್ತದೆ. ಒಂದೇ ಅಪ್ಪನ, ಬೇರೆ ತಾಯಂದಿರ ಮಕ್ಕಳನ್ನು ಕೂಡಿಸಿದರೆ ಯಾವುದೇ ಒಂದು ಗುಣಕ್ಕೆ ಆ ಅಜ್ಜನ ಒಂದೇ ಪ್ರತಿ ಎರಡೂ ಕಡೆಯಿಂದ ಮರಿಗೆ ಬರುವ ಸಾಧ್ಯತೆ ನೂರಕ್ಕೆ 12.5. ಒಡಹುಟ್ಟಿದವಾದರೆ 25. ನನ್ನ ಮರಿಗಳಿಗೆ ಆಗಿದ್ದು ಅದರಿಂದಲೇ ಅಂತ ಡಾಕ್ಟರ್ ಆಣೆ ಮಾಡಿ ಹೇಳಲಿಲ್ಲ. ನಾನೂ ಹೇಳಲಾರೆ. ಆದರೆ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅದಂತೂ ನಿಜ. ಅಷ್ಟರಲ್ಲಿ ಒಂದು ಮರಿ ಧಾರವಾಡಕ್ಕೆ ಹೋಗಿಯೂ ಆಗಿತ್ತು. ಫೋನ್ ಮಾಡಿ ವಿಷಯ ಹೇಳಿ ದುಡ್ಡು ವಾಪಸ್ ಕಳಿಸಿದೆ. ಅವರು ಮರಿ ಮಾತ್ರ ವಾಪಸ್ ಕೊಡಲಿಲ್ಲ, ಅಷ್ಟರಲ್ಲಾಗಲೇ ಹಚ್ಚಿಕೊಂಡುಬಿಟ್ಟಿದ್ದರು. ರಾಜನಿಗೆ ಇನ್ನು ಮರಿ ಆಗದಂತೆ ಆಪರೇಷನ್ ಮಾಡಿಸಿದೆ.

ಇನ್ನು ಮೇಲೆ ಪೇಪರ್, ಅಂದರೆ ಅಪ್ಪ-ಅಮ್ಮ ಯಾರು ಅಂತ ಬರೆದ ನೋಂದಣಿ ಕಾಗದ, ಇರುವ ನಾಯಿಯನ್ನೇ ತರೋಣ ಅಂತ 2018ರಲ್ಲಿ ಒಂದು ದೊಡ್ಡ ಊರಿಗೆ ಹೋದೆ. ಮಾರುವವನು ಕೇಳಿದ, "ಪೇಪರ್ ಬೇಕಾದ್ರೆ ಇಪ್ಪತ್ತೈದು, ಬೇಡಾದ್ರೆ ಹದಿನೈದು ಸಾವಿರ. ಕಾಗದ ತಗೊಂಡು ಏನ್ ಮಾಡ್ತೀರಿ, ನಾಯಿ ನೋಡ್ರಿ." ನಾನು ಜಾಣ ಅಂದುಕೊಂಡು ಇಪ್ಪತ್ತೈದು ಕೊಟ್ಟೆ. ಎರಡು ತಿಂಗಳ ಮೇಲೆ ಅಂಚೆಯಲ್ಲಿ ಕಾಗದ ಬಂತು. ಅದರಲ್ಲಿ ಮರಿಯ ಬಣ್ಣ ಕಪ್ಪು ಅಂತ ಇತ್ತು. ನನ್ನದು ಕೆಂಚು. ಗುರುತಿನ ನಂಬರ್ ಇರುವ ಸಣ್ಣ ಚಿಪ್ಪನ್ನು ನಾಯಿಯ ಚರ್ಮದ ಕೆಳಗೆ ಹಾಕಿರುತ್ತಾರೆ. ಡಾಕ್ಟರ್ ಹತ್ತಿರ ಅದರ ಸ್ಕ್ಯಾನರ್ ಹಿಡಿಸಿದರೆ ಮಷಿನ್ ಸುಮ್ನೆ ಕೂತಿತ್ತು. ಕಾಗದ ಅಸಲಿಯೇ, ಆದರೆ ಬೇರೆ ಯಾವುದೋ ನಾಯಿಯದು. ಅವನು ಆಮೇಲೆ ಫೋನ್ ಎತ್ತಲಿಲ್ಲ.

ಆವತ್ತಿನಿಂದ ಮರಿ ಕೊಳ್ಳಲು ಹೋಗುವವರಿಗೆ ನಾನು ಹೇಳೋದು ಎರಡೇ ಮಾತು. ಪೇಪರ್ ಇದ್ದರೊಂದು ರೇಟು, ಇಲ್ಲದಿದ್ದರೊಂದು ರೇಟು ಅಂದರೆ ಅಲ್ಲಿಂದ ಎದ್ದು ಬನ್ನಿ. ನೋಂದಣಿಗೆ ಹತ್ತು ಸಾವಿರ ಆಗಲ್ಲ. ಚಿಪ್ ಸೇರಿ ಒಂದು ಮರಿಗೆ ನನಗೆ ಎರಡು ಸಾವಿರ ದಾಟಿಲ್ಲ. ಅಪ್ಪ-ಅಮ್ಮನದು ನೋಂದಣಿ ಆಗಿದ್ದರೆ ಮರಿಗೆ ಯಾಕೆ ಮಾಡಿಸಬಾರದು? ಎರಡನೇದು, ಚಿಪ್ಪಿನ 15 ಅಂಕಿಗಳನ್ನು ಕಾಗದದ ಅಂಕಿಗಳ ಜೊತೆ ನಿಮ್ಮ ಕಣ್ಣೆದುರೇ ತಾಳೆ ನೋಡಿ. ತಾಯಿಯನ್ನೂ ತೋರಿಸಿ ಅನ್ನಿ. ತಾಯಿ ಬೇರೆ ಊರಲ್ಲಿದೆ ಅಂದರೆ ಆ ಊರಿಗೇ ಹೋಗಿ.

ಕೊನೆಗೆ ನಾನು ಮನೆಯ ನಾಯಿಯಿಂದಲೇ ಶುರು ಮಾಡಿದೆ. ನಾಯಿಗಳ ವಂಶ ನೋಂದಣಿ ಮಾಡುವ ಕೆನೆಲ್ ಕ್ಲಬ್ ಆಫ್ ಇಂಡಿಯಾ ಅಂತ ಚೆನ್ನೈನಲ್ಲಿದೆ. ವಂಶ ಗೊತ್ತಿಲ್ಲದ ನಾಯಿಯನ್ನೂ ಶೋಗೆ ಕರೆದುಕೊಂಡು ಹೋದರೆ ಜಡ್ಜ್ ನೋಡುತ್ತಾರೆ, ತಳಿಯ ಲಕ್ಷಣ ಸರಿ ಇದ್ದರೆ ನೋಂದಣಿ ಆಗುತ್ತದೆ. ಗೆಳೆಯನ ಬೊಲೆರೊದಲ್ಲಿ ಚಂಪಿಯನ್ನು ಬೆಂಗಳೂರಿಗೆ ಒಯ್ದೆ. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು. ಜಡ್ಜ್ ಹಲ್ಲು ನೋಡಿದರು, ನಡೆಸಿದರು, ಓಡಿಸಿದರು, ಸಹಿ ಹಾಕಿದರು. ಮುಧೋಳಕ್ಕೆ ಕ್ಲಬ್ಬಿನ ಲೆಕ್ಕದಲ್ಲಿ ಹೆಸರೇ ಬೇರೆ, ಫಾರಂನಲ್ಲಿ ಕಾರವಾನ್ ಹೌಂಡ್ ಅಂತ ಬರೆಯಬೇಕು. ಮುಧೋಳದವನಿಗೆ ಹಾಗೆ ಬರೆಯೋದು ಸ್ವಲ್ಪ ಚುಚ್ಚುತ್ತದೆ, ಆದರೂ ಬರೆದೆ.

ಸರ್ಟಿಫಿಕೇಟ್ ಬಂದಾಗ ಹೆಂಡತಿ ನೋಡಿ ನಕ್ಕಳು. ಮೂರು ತಲೆಮಾರಿಗೆ 14 ಮನೆಗಳು: ಅಪ್ಪ-ಅಮ್ಮ ಎರಡು, ಅಜ್ಜ-ಅಜ್ಜಿ ನಾಲ್ಕು, ಮುತ್ತಜ್ಜ-ಮುತ್ತಜ್ಜಿ ಎಂಟು. ಚಂಪಿಯದರಲ್ಲಿ ಹದಿನಾಲ್ಕೂ ಖಾಲಿ. "ಇದಕ್ಕ ಬೆಂಗಳೂರಿಗೆ ಹೋಗಿದ್ರೇನು?" ಅಂದಳು. ಅಪ್ಪ ಯಾರು ಅಂತ ನನಗೆ ಗೊತ್ತಿತ್ತು, ನಿಜ. ಆದರೆ ಆ ನಾಯಿಯ ನೋಂದಣಿಯೇ ಆಗಿರಲಿಲ್ಲ, ಬರೆಯೋದು ಹೇಗೆ? ಆದರೆ ಚಂಪಿಯ ಮರಿಗೆ ಎರಡು ಮನೆ ತುಂಬುತ್ತವೆ. ಅದರ ಮರಿಗೆ ಆರು. ಅದರ ಮರಿಗೆ, ಎಲ್ಲರೂ ನೆಟ್ಟಗೆ ಬರೆಸುತ್ತ ಹೋದರೆ, ಹದಿನಾಲ್ಕೂ. ಹೆಳವನ ಪುಸ್ತಕವೂ ಒಂದು ದಿನ ಖಾಲಿಯೇ ಇತ್ತಲ್ವಾ?

2019ರಲ್ಲಿ ಚಂಪಿಗೆ ಗಂಡು ಹುಡುಕುವಾಗ ಮೊದಲು ನೋಂದಣಿ ನಂಬರ್ ಕೇಳಿದೆ, ಆಮೇಲೆ ನಾಯಿ ನೋಡಿದೆ. ಲೋಕಾಪುರದ ಕಡೆ ಸಿಕ್ಕಿತು. ಕ್ರಾಸ್ ಮಾಡಿಸಿದ ತಾರೀಖು ಬರೆದಿಟ್ಟೆವು. 62ನೇ ದಿನಕ್ಕೆ ಆರು ಮರಿ. ಫಾರಂನಲ್ಲಿ ಅಪ್ಪ-ಅಮ್ಮನ ನಂಬರ್, ಹುಟ್ಟಿದ ದಿನ, ಗಂಡೆಷ್ಟು ಹೆಣ್ಣೆಷ್ಟು, ಬಣ್ಣ, ಹೆಸರು, ಎರಡೂ ಕಡೆಯ ಯಜಮಾನರ ಸಹಿ. ಕ್ರಾಸಿಂಗ್ ಲೆಕ್ಕಕ್ಕೆ ಒಂದು ಗಂಡು ಮರಿ ಅವರಿಗೆ ಕೊಡಬೇಕಿತ್ತು. ಅದಕ್ಕೂ ಮಾಲೀಕತ್ವ ಬದಲಾವಣೆಯ ಫಾರಂ ತುಂಬಿಸಿಯೇ ಕೊಟ್ಟೆ. ಅವರು ನಕ್ಕರು. ನಾನು ಬಿಡಲಿಲ್ಲ.

ಮಾರಾಟಕ್ಕೆ ಮರಿ ಮಾಡಿಸುವವರಿಗೆ 2017ರಿಂದ ಕೇಂದ್ರದ ನಿಯಮಗಳೂ ಇವೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬೇಕು. ಎಂಟು ವಾರ ತುಂಬದ ಮರಿ ಮಾರಬಾರದು. ಹೆಣ್ಣಿಗೆ ಒಂದೂವರೆ ವರ್ಷ ಆಗಿರಬೇಕು, ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸೂಲು ಇಲ್ಲ. ಕಾಗದ ಸರಿ ಇಟ್ಟರೆ ಇದೂ ತಾನಾಗೇ ಸಾಲಿಗೆ ಬರುತ್ತದೆ, ಯಾಕೆಂದರೆ ಪ್ರತಿ ಸೂಲಿನ ತಾರೀಖು ಅಲ್ಲೇ ಕೂತಿರುತ್ತದೆ.

2020ರಲ್ಲಿ ಪ್ರಧಾನಿ ರೇಡಿಯೊದಲ್ಲಿ ಮುಧೋಳ ನಾಯಿಯ ಹೆಸರು ಹೇಳಿದ ಮೇಲೆ ನನ್ನ ಫೋನ್ ಒಂದು ತಿಂಗಳು ಸುಮ್ಮನಿರಲಿಲ್ಲ. ಉದ್ದ ಮೂತಿ, ಸಣ್ಣ ಹೊಟ್ಟೆ ಇದ್ದದ್ದೆಲ್ಲ ಮುಧೋಳ ಅಂತ ಮಾರಾಟವಾಯಿತು. ಅದೇ ಹೊತ್ತಿಗೆ ದೇಶದ ಪ್ರಾಣಿ ತಳಿಗಳನ್ನು ದಾಖಲಿಸುವ, ಹರಿಯಾಣದ ಕರ್ನಾಲ್‌ನ ಕೇಂದ್ರ ಸಂಸ್ಥೆ ಮುಧೋಳವನ್ನು ದೇಶದ ತಳಿಗಳ ಪಟ್ಟಿಗೆ ಸೇರಿಸಿತು. ಕೆಲವರು ಅದನ್ನೇ ತೋರಿಸಿ "ನಮ್ಮ ನಾಯಿ ಸರ್ಕಾರಿ ನೋಂದಣಿ" ಅನ್ನತೊಡಗಿದರು. ತಳಿಗೆ ಮಾನ್ಯತೆ ಸಿಗೋದು ಬೇರೆ, ನಿಮ್ಮ ಮನೆಯ ನಾಯಿಯ ಅಪ್ಪ ಯಾರು ಅನ್ನೋದು ಬೇರೆ. ನಮ್ಮ ತಿಮ್ಮಾಪುರದಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಅನುಮಾನ ಇದ್ದವರು ಅಲ್ಲಿಗೆ ಹೋಗಿ ನಾಯಿ ಹೇಗಿರಬೇಕು ಅಂತ ಕಣ್ಣಾರೆ ನೋಡಬಹುದು.

ಕಾಗದವನ್ನು ನಾನು ದೇವರು ಮಾಡಿಲ್ಲ. ಅದು ನಾಯಿ ಗಟ್ಟಿಮುಟ್ಟಾಗಿದೆ ಅಂತ ಹೇಳಲ್ಲ, ಕಚ್ಚಲ್ಲ ಅಂತಲೂ ಹೇಳಲ್ಲ. ಪೇಪರ್ ಇರುವ ಪುಕ್ಕಲು ನಾಯಿ ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಮರಿಗೆ ಯಾವ ರೋಗ ಬಂತು, ಯಾವುದು ಯಾವಾಗ ಯಾಕೆ ಸತ್ತಿತು, ಯಾವುದರ ಹಲ್ಲು ಸರಿ ಇರಲಿಲ್ಲ, ಎಲ್ಲ ಅದರಲ್ಲಿದೆ. ಮರಿ ಒಯ್ದವರಿಗೆ ವರ್ಷಕ್ಕೊಮ್ಮೆ ಫೋನ್ ಮಾಡಿ ಕೇಳಿ ಬರೆಯುತ್ತೇನೆ. ಆದರೆ ಕಾಗದದಲ್ಲಿ ಹೆಸರು ಇಲ್ಲದಿದ್ದರೆ ಈ ರೋಗವನ್ನು ಯಾರ ಲೆಕ್ಕಕ್ಕೆ ಬರೆಯೋದು?

ಹೋದ ಚಳಿಗಾಲದಲ್ಲಿ ಚಂಪಿಯ ಮೊಮ್ಮಗಳು ಬೆದೆಗೆ ಬಂದಳು. ಬೀಳಗಿ ಕಡೆಯವರೊಬ್ಬರು ಟೈಗರ್ ಅನ್ನೋ ಗಂಡನ್ನು ಕರೆತಂದರು. ಏನು ಕಾಲು, ಏನು ಎದೆ! ಗಾಡಿಯಿಂದ ಇಳಿದ ರೀತಿ ನೋಡಿಯೇ ನನ್ನ ಮನಸ್ಸು ಹೋಯಿತು. ಕಾಗದವೂ ಇತ್ತು. ಚಹಾ ಬರುವಷ್ಟರಲ್ಲಿ ಎರಡೂ ಕಾಗದಗಳನ್ನು ಮಂಚದ ಮೇಲೆ ಅಕ್ಕಪಕ್ಕ ಇಟ್ಟೆ. ಅಜ್ಜಿಯ ಮನೆಯಲ್ಲಿ ಎರಡರಲ್ಲೂ ಚಂಪಿ. ಕ್ರಾಸಿಂಗ್ ಲೆಕ್ಕಕ್ಕೆ ಕೊಟ್ಟ ಆ ಗಂಡು ಮರಿ ಎರಡು ಕೈ ದಾಟಿ, ಕರೆಯುವ ಹೆಸರು ಬದಲಾಗಿ, ಬೀಳಗಿಯಲ್ಲಿ ಮಗನನ್ನು ಹುಟ್ಟಿಸಿತ್ತು. ಕಾಗದದ ಮೇಲೆ ಮಾತ್ರ ನಾನಿಟ್ಟ ಹೆಸರೇ ಇತ್ತು.

ಅವರು ಕಾಗದ ನೋಡಿ ಗಲ್ಲ ಕೆರೆದುಕೊಂಡರು. "ಸೋದರತ್ತಿ ಮಗಳ ಆತು ಬಿಡ್ರಿ. ನಮ್ಮಾಗ ನಡಿಯೂದಿಲ್ಲೇನು?"

ನಕ್ಕೆವು ಇಬ್ಬರೂ. ಆದರೆ ಚಂಪಿಯ ಮೇಲಿನ ಮನೆಗಳು ಖಾಲಿ, ಅಲ್ಲಿ ಇನ್ನೂ ಯಾರ್ಯಾರು ಇಬ್ಬರಿಗೂ ಒಂದೇ ಇದ್ದಾರೋ. ಬೇಡ ಅಂದೆ. ಅವರು ಎರಡನೇ ಕಪ್ ಚಹಾ ಕುಡಿದು, ಟೈಗರ್‌ನನ್ನು ಎಳೆದುಕೊಂಡು ಗಾಡಿ ಹತ್ತಿಸಿದರು. ಒಳಗೆ ಕಟ್ಟಿದ್ದ ಚಂಪಿಯ ಮೊಮ್ಮಗಳು ಆ ರಾತ್ರಿಯೆಲ್ಲ ಊಳಿಟ್ಟು ಓಣಿಯವರಿಂದ ನನಗೆ ಬೈಗುಳ ತಿನ್ನಿಸಿದಳು.